ಕಾಫಿ ಬೀಜ ಬೀಳುವಷ್ಟರಲ್ಲಿ

ಕಾಫಿ ಕ್ಯೂರಿಂಗ್ ಘಟಕದಲ್ಲಿ ಬಣ್ಣ ನೋಡಿ ಬೀಜ ವಿಂಗಡಿಸುವ ಯಂತ್ರದ ಕೆಲಸ ನೋಡಲು ಸರಳ. ಇಳಿಜಾರಿನಿಂದ ಜಾರಿ ಬೀಳುವ ಬೀಜಗಳು ಕ್ಯಾಮೆರಾದ ಮುಂದೆ ಹಾದುಹೋಗುತ್ತವೆ. ಕಪ್ಪು ಬೀಜ ಕಂಡರೆ ಕೆಳಗಿನ ಸಣ್ಣ ಕೊಳವೆಯಿಂದ ಗಾಳಿ ಚಿಮ್ಮಿ ಅದೊಂದನ್ನೇ ಪಕ್ಕಕ್ಕೆ ತಳ್ಳುತ್ತದೆ. ಅರ್ಧ ಮೀಟರ್ ಬಿದ್ದ ಬೀಜದ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಹಾಗಾಗಿ ಗಾಳಿ 5 ಮಿಲಿಸೆಕೆಂಡ್ ತಡವಾಗಿ ಚಿಮ್ಮಿದರೆ ಕಪ್ಪು ಬೀಜ ಒಂದೂವರೆ ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ, ಏಟು ಹಿಂದೆ ಬಂದ ಒಳ್ಳೆಯ ಬೀಜಕ್ಕೆ ಬೀಳುತ್ತದೆ. ಇಂಥ ಯಂತ್ರದೊಳಗೆ ಕೃತಕ ಬುದ್ಧಿಮತ್ತೆಯ ಚಿಪ್ ಕೂರಿಸಿ ಅದರ ಮೇಲೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ನಡೆಸಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದದ್ದು, ಅತಿ ಕೆಟ್ಟ ಗಳಿಗೆಯಲ್ಲಿ ಈ ವ್ಯವಸ್ಥೆ ಎಷ್ಟು ತಡಮಾಡೀತು ಎಂದು.

ಸಾಮಾನ್ಯ ಲಿನಕ್ಸ್ ಒಟ್ಟಾರೆ ಹೆಚ್ಚು ಕೆಲಸ ಮುಗಿಸುವುದಕ್ಕೆ ಹದಗೊಂಡದ್ದು. ಅದರ ತಿರುಳಾದ ಕರ್ನಲ್ ಒಂದು ಸ್ಪಿನ್‌ಲಾಕ್ (ಕಾಯುವವರು ಮಲಗದೆ ಸುತ್ತುತ್ತಲೇ ಕಾಯಬೇಕಾದ ಬೀಗ) ಹಿಡಿದು ಕೂತಿರುವಷ್ಟು ಹೊತ್ತು, ಎಷ್ಟೇ ತುರ್ತಿನ ಕೆಲಸವಾದರೂ ಚಿಪ್‌ನ ಆ ಕೋರ್‌ನಲ್ಲಿ, ಅಂದರೆ ಲೆಕ್ಕ ಮಾಡುವ ಆ ಘಟಕದಲ್ಲಿ, ಬಾಗಿಲಲ್ಲೇ ಕಾಯಬೇಕು. ಪ್ರೀಎಂಪ್ಟ್ ಆರ್‌ಟಿ (ಆರ್‌ಟಿ ಎಂದರೆ ರಿಯಲ್ ಟೈಮ್, ಹೇಳಿದ ಹೊತ್ತಿಗೆ ಸರಿಯಾಗಿ) ಎಂಬ ಪ್ಯಾಚ್, ಅಂದರೆ ಕರ್ನಲ್‌ಗೆ ಹಾಕುವ ತೇಪೆ, ಬದಲಿಸಿದ್ದು ಇದನ್ನೇ. ಅದು ಬಹುಪಾಲು ಸ್ಪಿನ್‌ಲಾಕ್‌ಗಳನ್ನು ಮಲಗಿ ಕಾಯಬಲ್ಲ ಬೀಗಗಳನ್ನಾಗಿ ಮಾಡಿತು, ಇಂಟರಪ್ಟ್ (ಸಾಧನಗಳಿಂದ ಬರುವ ತುರ್ತು ಕರೆ) ನಿರ್ವಹಣೆಯನ್ನು ಥ್ರೆಡ್ ಎಂಬ ಪ್ರತ್ಯೇಕ ಕೆಲಸದ ಎಳೆಗಳಿಗೆ ವಹಿಸಿತು, ಕೆಳ ಆದ್ಯತೆಯ ಕೆಲಸವೊಂದು ಬೀಗ ಹಿಡಿದಿದ್ದರೆ ಅದಕ್ಕಾಗಿ ಕಾಯುತ್ತಿರುವ ಮೇಲಿನವನ ಆದ್ಯತೆಯನ್ನೇ ತಾತ್ಕಾಲಿಕವಾಗಿ ಅದಕ್ಕೆ ಕೊಟ್ಟು ಬೇಗ ಮುಗಿಸುವಂತೆ ಮಾಡಿತು. ಇಂಗೊ ಮೊಲ್ನಾರ್, ಥಾಮಸ್ ಗ್ಲೈಕ್ಸ್ನರ್ ಮೊದಲಾದವರ ಈ ಕೆಲಸ ಸುಮಾರು 20 ವರ್ಷ ಮುಖ್ಯ ಕರ್ನಲ್‌ನ ಹೊರಗೇ ಉಳಿದಿತ್ತು. ಕೊನೆಯವರೆಗೂ ಸತಾಯಿಸಿದ್ದು, ಸಂದೇಶ ಮುದ್ರಿಸುವ ಪ್ರಿಂಟ್‌ಕೆ ಎಂಬ ತೀರ ಸಾಧಾರಣ ಸೌಲಭ್ಯ! 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಗ್ಲೈಕ್ಸ್ನರ್ ಈ ಪ್ಯಾಚ್ ಸೇರಿಸಿಕೊಳ್ಳಿ ಎಂಬ ವಿನಂತಿಯನ್ನು ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿ ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಕೈಗಿತ್ತರು. ನವೆಂಬರಿನಲ್ಲಿ ಬಂದ 6.12 ಆವೃತ್ತಿಯಲ್ಲಿ ಅದು ಕರ್ನಲ್‌ನ ಭಾಗವಾಯಿತು.

ಕರ್ನಲ್ ಒಂದರಿಂದಲೇ ಯಂತ್ರ ನಡೆಯದು. ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್, ಸಾಧನಗಳನ್ನು ನಡೆಸುವ ಡ್ರೈವರ್‌ಗಳು, ಬೇರೆ ಕಂಪ್ಯೂಟರಿನಲ್ಲಿ ಕೂತು ಈ ಚಿಪ್‌ಗೆ ಪ್ರೋಗ್ರಾಂ ಸಿದ್ಧಪಡಿಸುವ ಕ್ರಾಸ್ ಕಂಪೈಲರ್, ಕ್ಯಾಮೆರಾ ಯಾವ ತಂತಿಮಾರ್ಗಕ್ಕೆ (ಬಸ್) ಜೋಡಣೆಯಾಗಿದೆ ಎಂದು ಕರ್ನಲ್‌ಗೆ ತಿಳಿಸುವ ಡಿವೈಸ್ ಟ್ರೀ, ಬೀಜ ಗುರುತಿಸುವ ಕೃತಕ ಬುದ್ಧಿಮತ್ತೆಯ ನರಜಾಲವನ್ನು ಚಿಪ್‌ಗೆ ಒಗ್ಗಿಸುವ ಉಪಕರಣಗಳು, ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಚಿಪ್ ತಯಾರಕರು ಕಟ್ಟಿಕೊಡುವ ಗಂಟೇ ಎಸ್‌ಡಿಕೆ ಎಂಬ ಕಿಟ್. 1985ರಿಂದ ಬೆಂಗಳೂರಿನಲ್ಲಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಹಲವು ಚಿಪ್‌ಗಳಿಗೆ ಸಾಮಾನ್ಯ ಲಿನಕ್ಸ್‌ನ ಕಿಟ್ ಜತೆಗೆ ಆರ್‌ಟಿ ಲಿನಕ್ಸ್‌ನ ಕಿಟ್ಟನ್ನೂ ಕೊಡುತ್ತದೆ. ಅದರ ಎಎಮ್62ಎ ಚಿಪ್‌ನಲ್ಲಿ ಲಿನಕ್ಸ್ ನಡೆಸಲು ನಾಲ್ಕು ಕಾರ್ಟೆಕ್ಸ್ ಎ53 ಕೋರ್‌ಗಳವರೆಗೆ ಇರುತ್ತವೆ. ಜತೆಗೆ ಸೆಕೆಂಡಿಗೆ 2 ಲಕ್ಷ ಕೋಟಿ ಲೆಕ್ಕಗಳವರೆಗೆ ಮಾಡಬಲ್ಲ, ನರಜಾಲ ಓಡಿಸುವ ವೇಗವರ್ಧಕ ಮತ್ತು ಕಾರ್ಟೆಕ್ಸ್ ಆರ್5ಎಫ್ ಎಂಬ ಪುಟ್ಟ ಕೋರ್‌ಗಳಿವೆ.

ಆ ವೇಗವರ್ಧಕವನ್ನು ಪೂರ್ತಿ ದುಡಿಸಿಕೊಳ್ಳಲು ನರಜಾಲದ 32 ಬಿಟ್ ದಶಮಾಂಶ ಸಂಖ್ಯೆಗಳನ್ನು 8 ಬಿಟ್ ಪೂರ್ಣಾಂಕಗಳಿಗೆ ಇಳಿಸುತ್ತಾರೆ. ಮೆಮೊರಿ ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಇಳಿಸುವಾಗ ಅಳತೆಗೋಲಾಗಿ ಕೊಡುವ ಮಾದರಿ ಚಿತ್ರಗಳು ಬರಿಯ ಹಗಲು ಬೆಳಕಿನವಾದರೆ, ಟ್ಯೂಬ್‌ಲೈಟ್ ಅಡಿಯಲ್ಲಿ ಯಂತ್ರ ತಡವರಿಸೀತು.

ಇನ್ನು ಪರೀಕ್ಷೆ. ಸೈಕ್ಲಿಕ್‌ಟೆಸ್ಟ್ ಎಂಬ ಪುಟ್ಟ ಪ್ರೋಗ್ರಾಂ ಇಂತಿಷ್ಟು ಹೊತ್ತಿಗೆ ಎಬ್ಬಿಸು ಎಂದು ಹೇಳಿ ಮಲಗುತ್ತದೆ, ಎದ್ದಾಗ ಎಷ್ಟು ತಡವಾಯಿತೆಂದು ಮೈಕ್ರೋಸೆಕೆಂಡ್‌ಗಳಲ್ಲಿ ಬರೆಯುತ್ತದೆ. ಪರದೆಯ ಮೇಲೆ ಕನಿಷ್ಠ, ಈಗಿನದು, ಸರಾಸರಿ, ಗರಿಷ್ಠ ಎಂದು ಅಂಕಿಗಳು ಓಡುತ್ತಿರುತ್ತವೆ. ಅನುಭವಸ್ಥರು ಸರಾಸರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಮೆಮೊರಿ, ನೆಟ್‌ವರ್ಕ್, ಕ್ಯಾಮೆರಾ ಎಲ್ಲಕ್ಕೂ ಒಟ್ಟಿಗೇ ಹೊರೆ ಹೇರಿ, ರಾತ್ರಿಯಿಡೀ ಓಡಲು ಬಿಟ್ಟು, ಬೆಳಗ್ಗೆ ಬಂದು ಗರಿಷ್ಠದ ಅಂಕಿಯೊಂದನ್ನೇ ನೋಡುತ್ತಾರೆ. ಹೊರೆಯಿಲ್ಲದ ಬೋರ್ಡಿನ ಮೇಲೆ ತೆಗೆದ ಅಂಕಿ ಖಾಲಿ ರಸ್ತೆಯಲ್ಲಿ ಬಸ್ಸಿನ ಸಮಯಪಾಲನೆ ಅಳೆದಂತೆ.

ಆ ಅಂಕಿ ಚೆನ್ನಾಗಿ ಬಂದಮೇಲೂ ಒಂದು ತೊಡಕು ಉಳಿಯುತ್ತದೆ, ನನ್ನ ಮಟ್ಟಿಗೆ ಕಿಟ್‌ಗಳ ಜಾಹೀರಾತುಗಳು ಜಾರಿಸಿಬಿಡುವುದು ಇದನ್ನೇ. ಆರ್‌ಟಿ ಕರ್ನಲ್‌ನ ಅಧಿಕಾರ ನಡೆಯುವುದು ಲಿನಕ್ಸ್ ಓಡುವ ಕೋರ್‌ಗಳ ಮೇಲೆ ಮಾತ್ರ. ವೇಗವರ್ಧಕ, ಕ್ಯಾಮೆರಾ, ಎ53 ಕೋರ್‌ಗಳು ಒಂದೇ ಡಿಡಿಆರ್ ಮೆಮೊರಿಯ ಬಾಗಿಲಲ್ಲಿ ನೂಕಾಡುವಾಗ ನರಜಾಲದ ಉತ್ತರ ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ ಬರುತ್ತದೆ. ಆದ್ದರಿಂದ ಗಾಳಿಯ ಕವಾಟವನ್ನು ಲಿನಕ್ಸ್‌ನ ಕೈಗೆ ಕೊಡದೆ, ಫ್ರೀ ಆರ್‌ಟಿಒಎಸ್ ಎಂಬ ಪುಟ್ಟ ರಿಯಲ್ ಟೈಮ್ ವ್ಯವಸ್ಥೆಯನ್ನು ನಡೆಸುವ ಆರ್5ಎಫ್ ಕೋರ್‌ಗೆ ಒಪ್ಪಿಸುವುದು ಜಾಣತನ. ಕ್ಯಾಮೆರಾಕ್ಕೂ ಕೊಳವೆಗೂ 6 ಸೆಂಟಿಮೀಟರ್ ಅಂತರವಿದ್ದರೆ ಬೀಜ ಅಲ್ಲಿಗೆ ತಲುಪಲು ಸುಮಾರು 20 ಮಿಲಿಸೆಕೆಂಡ್ ಬೇಕು. ಚಿತ್ರ ತೆಗೆದ ಕ್ಷಣವನ್ನು ಗುರುತು ಹಾಕಿಕೊಂಡ ಲಿನಕ್ಸ್, ಉತ್ತರ ಸಿಕ್ಕ ಕೂಡಲೇ ಕವಾಟ ತೆರೆಯಬೇಕಾದ ಗಳಿಗೆಯನ್ನು ಕೋರ್‌ಗಳ ನಡುವೆ ಸಂದೇಶ ಸಾಗಿಸುವ ಆರ್‌ಪಿಮೆಸೇಜ್ ಮೂಲಕ ಪುಟ್ಟ ಕೋರ್‌ಗೆ ತಿಳಿಸುತ್ತದೆ. ಅದು ಗಡಿಯಾರ ನೋಡುತ್ತ ಕಾದು, ಆ ಗಳಿಗೆಗೆ ಸರಿಯಾಗಿ ತೆರೆಯುತ್ತದೆ. ಉತ್ತರ 8 ಮಿಲಿಸೆಕೆಂಡ್‌ಗೆ ಬಂದರೂ 15ಕ್ಕೆ ಬಂದರೂ ಬೀಜಕ್ಕೆ ವ್ಯತ್ಯಾಸ ತಿಳಿಯದು. 20 ದಾಟಿ ಬಂದ ಉತ್ತರವನ್ನು, ಅದು ಎಷ್ಟೇ ಸರಿಯಿದ್ದರೂ, ಎಸೆಯಬೇಕು: ಆ ಕಪ್ಪು ಬೀಜ ಆಗಲೇ ಒಳ್ಳೆಯ ಬೀಜಗಳ ರಾಶಿಗೆ ಬಿದ್ದಾಗಿದೆ.