ಗಾಡಿ ಅಗ್ಗವಾಯಿತು, ಸ್ಪೇರ್ ಅಗ್ಗವಾಗಲಿಲ್ಲ

ಶನಿವಾರ ಬೆಳಗ್ಗೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಬಗೆಯವು. "ಸಾರ್, ಎಪ್ಪತ್ತು ಲಕ್ಷದ ಗಾಡಿ, ಹನ್ನೆರಡಕ್ಕೆ ಕೊಡ್ತಾರಂತೆ. ಓಡಿರೋದು ಬರೀ ಅರವತ್ತು ಸಾವಿರ. ಬಂದು ಒಂದ್ಸಲ ನೋಡ್ಬಿಡಿ ಸಾರ್, ಸಂಜೆಯೊಳಗೆ ಟೋಕನ್ ಕೊಡ್ಬೇಕು." ಆ ದನಿಯಲ್ಲೇ ತಿಳಿಯುತ್ತದೆ, ಮನಸ್ಸು ಆಗಲೇ ಸ್ಟೀರಿಂಗ್ ಹಿಂದೆ ಕೂತಾಗಿದೆ. ನನ್ನಿಂದ ಬೇಕಿರುವುದು ತಪಾಸಣೆಯಲ್ಲ, ಆಶೀರ್ವಾದ.

ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಯುರೋಪಿನ ಕಾರುಗಳ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಗಾಡಿ ನೋಡಿ ವರದಿ ಕೊಡುವ ಕೆಲಸ ಆಮೇಲೆ ಸೇರಿಕೊಂಡಿತು. ಸ್ಕ್ಯಾನರ್ ಹಾಕುವುದು, ಪೇಂಟ್ ದಪ್ಪ ಅಳೆಯುವುದು, ಟೈರಿನ ತಾರೀಖು ಓದುವುದು, ಇವೆಲ್ಲ ಈಗ ಹುಡುಗರಿಗೂ ಗೊತ್ತು. ಅದನ್ನಿಲ್ಲಿ ಬರೆಯುವುದಿಲ್ಲ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಒಂದೇ ಮಾತಿದೆ, ಅದಕ್ಕಾಗಿ ಕೂತು ಬರೆಯುತ್ತಿದ್ದೇನೆ.

ಕಾರಿನ ಬೆಲೆ ಬೀಳುತ್ತದೆ. ಅದನ್ನು ಸಾಕುವ ಖರ್ಚು ಬೀಳುವುದಿಲ್ಲ. ಎಪ್ಪತ್ತು ಲಕ್ಷದ ಕಾರನ್ನು ಹನ್ನೆರಡಕ್ಕೆ ಕೊಂಡವರು ಹನ್ನೆರಡು ಲಕ್ಷದ ಕಾರಿನ ಮಾಲೀಕರಾಗುವುದಿಲ್ಲ, ಎಪ್ಪತ್ತು ಲಕ್ಷದ ಕಾರಿನ ಮಾಲೀಕರೇ ಆಗುತ್ತಾರೆ. ಸ್ಪೇರ್ ಕೌಂಟರಿನಲ್ಲಿ ಕೇಳುವುದು ಚಾಸಿ ನಂಬರ್. ನೀವು ಎಷ್ಟಕ್ಕೆ ಕೊಂಡಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇಷ್ಟು ಹೇಳಿದರೆ "ಅರ್ಥ ಆಯ್ತು ಸಾರ್" ಅನ್ನುತ್ತಾರೆ. ಎರಡು ನಿಮಿಷ ಬಿಟ್ಟು, "ಆದ್ರೂ ಹಳೇ ಗಾಡಿ ಅಲ್ವಾ, ಸ್ಪೇರ್ ಸ್ವಲ್ಪ ಕಮ್ಮಿಗೆ ಸಿಗಲ್ವಾ?" ಅಂತ ಮತ್ತೆ ಶುರುವಾಗುತ್ತದೆ. ಇಲ್ಲಪ್ಪಾ, ಸಿಗುವುದಿಲ್ಲ. ಕಾರು ಹಳತಾದಷ್ಟೂ ಕಂಪನಿ ಅದರ ಬಿಡಿಭಾಗಗಳನ್ನು ಕಡಿಮೆ ಸಂಖ್ಯೆಯಲ್ಲಿ ಮಾಡಿಸುತ್ತದೆ, ದೂರದ ಗೋದಾಮಿನಲ್ಲಿ ಇಟ್ಟಿರುತ್ತದೆ. ನಮಗೆ ಬೇಕಾದಾಗ ಅದು ವಿಮಾನದ ಬಾಡಿಗೆ, ಕಸ್ಟಮ್ಸ್ ಸುಂಕ ಎರಡನ್ನೂ ಹೊತ್ತುಕೊಂಡು ಬರುತ್ತದೆ. ಹಳೆಯ ಭಾಗ ಅಗ್ಗಕ್ಕೆ ಸಿಗುವ ದಾರಿ ಎರಡೇ. ಒಂದು, ಅದೇ ಮಾದರಿಯ ಗಾಡಿಗಳು ಸಾಕಷ್ಟು ಮಾರಾಟವಾಗಿ, ಅವುಗಳಲ್ಲಿ ಕೆಲವು ಗುದ್ದಿಸಿಕೊಂಡು ಗುಜರಿಗೆ ಬಂದಿರಬೇಕು. ಎರಡು, ಕಂಪನಿಗೆ ಮಾಲು ಒದಗಿಸುವವರೇ ಅದನ್ನು ತಮ್ಮ ಹೆಸರಿನ ಡಬ್ಬದಲ್ಲಿ ಹಾಕಿ ಹೊರಗೂ ಮಾರುತ್ತಿರಬೇಕು. ಎರಡೂ ನಿಂತಿರುವುದು ಒಂದೇ ಲೆಕ್ಕದ ಮೇಲೆ: ಆ ಗಾಡಿ ಎಷ್ಟು ಮಾರಾಟವಾಗಿತ್ತು? ಹೆಚ್ಚು ಮಾರಾಟವಾದ ಜರ್ಮನ್ ಸೆಡಾನ್‌ಗಾದರೆ ಜೆಸಿ ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಏನಾದರೊಂದು ದಾರಿ ತೆರೆಯುತ್ತದೆ. ಅಷ್ಟೇ ಚೆಂದದ, ಅಷ್ಟೇ ಬೆಲೆಯ, ಆದರೆ ಮಾರಾಟವಾಗದೆ ಉಳಿದ ಬ್ರ್ಯಾಂಡಿನ ಗಾಡಿಗೆ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ಬ್ರ್ಯಾಂಡಿನ ಸೋಲು ಅಂದರೆ ಇಂಗ್ಲೆಂಡಿನಲ್ಲೋ ಸ್ವೀಡನ್ನಿನಲ್ಲೋ ಮುಗಿದುಹೋದ ಕತೆ ಅಂತ ಜನ ತಿಳಿದಿದ್ದಾರೆ. ಅದು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಬಂದು ನಿಲ್ಲುತ್ತದೆ.

ಜಾಗ್ವಾರ್ ಬಗ್ಗೆ ಹೇಳಬೇಕು. ನನಗೆ ಆ ಹೆಸರಿನ ಮೇಲೆ ಪ್ರೀತಿಯಿದೆ, ಅದಕ್ಕೇ ಸಂಕಟವೂ ಇದೆ. ಸರ್ ವಿಲಿಯಂ ಲಯನ್ಸ್ ಕಟ್ಟಿದ ಕಂಪನಿ. 1948ರಲ್ಲಿ ಎಕ್ಸ್‌ಕೆ 120 ಕಾರಿನ ಜೊತೆ ತೋರಿಸಿದ ಎಕ್ಸ್‌ಕೆ ಎಂಜಿನ್ 1992ರವರೆಗೂ ತಯಾರಾಗುತ್ತಿತ್ತು. ನಾಲ್ಕು ದಶಕ ಮೀರಿ ಬಾಳಿದ ಒಂದು ಎಂಜಿನ್ ವಿನ್ಯಾಸ ಎಂದರೆ ಮೆಕ್ಯಾನಿಕ್ ಆದವನು ಕೈಮುಗಿಯಬೇಕು. ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು 1951ರಿಂದ 1957ರೊಳಗೆ ಐದು ಸಲ ಗೆದ್ದರು. 1961ರಲ್ಲಿ ಜಿನೀವಾದಲ್ಲಿ ಇ-ಟೈಪ್ ಸ್ಪೋರ್ಟ್ಸ್ ಕಾರು ತಂದಾಗ ಅದರ ಬೆಲೆ ಅಂದಿನ ಫೆರಾರಿಯ ಅರ್ಧವೂ ಇರಲಿಲ್ಲ. ಹೀಗಿದ್ದ ಕಂಪನಿಗೆ ಸಾಮರ್ಥ್ಯ ಸಾಲಲಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆದದ್ದು ಬೇರೆ. 1966ರಲ್ಲಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಜೊತೆ ವಿಲೀನ, 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್, 1984ರಲ್ಲಿ ಮತ್ತೆ ಸ್ವತಂತ್ರ, 1989ರಲ್ಲಿ ಫೋರ್ಡ್, 2008ರಲ್ಲಿ ಟಾಟಾ. ಮನೆ ಬದಲಾದಾಗಲೆಲ್ಲ ಮನೆಯ ಲೆಕ್ಕವೂ ಬದಲಾಯಿತು. 2001ರಲ್ಲಿ ಎಕ್ಸ್-ಟೈಪ್ ಬಂತು. ಫೋರ್ಡಿನ ಸಾಧಾರಣ ಕಾರು ಮಾಂಡಿಯೊದ ಬುಡದ ಮೇಲೆ ಕಟ್ಟಿದ್ದು ಅಂತ ಇವತ್ತಿಗೂ ಅದನ್ನು ಹೀಯಾಳಿಸುತ್ತಾರೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಚಕ್ರದ ಕಡೆಯ ಬುಷ್, ಬೇರಿಂಗ್, ಲೋವರ್ ಆರ್ಮ್‌ಗಳನ್ನು ಲಕ್ಷಗಟ್ಟಲೆ ಓಡುವ ಒಂದು ಕಾರಿನ ಜೊತೆ ಹಂಚಿಕೊಂಡರೆ ಹತ್ತು ವರ್ಷದ ಮೇಲೆ ಮಾಲೀಕರಿಗೇ ಅನುಕೂಲ. ಎಡವಿದ್ದು ಬೇರೆ ಕಡೆ. ಯುರೋಪು ಡೀಸೆಲ್ ಕಡೆ ವಾಲುತ್ತಿದ್ದ ಹೊತ್ತಿನಲ್ಲಿ ಬರೀ ವಿ6, ಅಂದರೆ ಆರು ಸಿಲಿಂಡರಿನ, ಪೆಟ್ರೋಲ್ ಎಂಜಿನ್ ಇಟ್ಟುಕೊಂಡು ಅಂಗಡಿ ತೆರೆದರು. ಡೀಸೆಲ್ ಬಂದದ್ದು 2003ರಲ್ಲಿ, ಹಿಂದೆ ಸಾಮಾನಿಗೆ ಜಾಸ್ತಿ ಜಾಗವಿರುವ ಎಸ್ಟೇಟ್ ಮಾದರಿ 2004ರಲ್ಲಿ. ವರ್ಷಕ್ಕೆ ಒಂದು ಲಕ್ಷ ಮಾರುವ ಗುರಿಯಿತ್ತು. ಎಂಟು ವರ್ಷದಲ್ಲಿ ಒಟ್ಟು ಮಾಡಿದ್ದು ಸುಮಾರು ಮೂರೂವರೆ ಲಕ್ಷ. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲಿನದು. 2009ರಲ್ಲಿ ಎಕ್ಸ್-ಟೈಪ್ ನಿಂತಿತು, ಅದರ ಜಾಗ ತುಂಬಬೇಕಾದ ಎಕ್ಸ್‌ಇ ಬಂದದ್ದು 2015ರಲ್ಲಿ. ಆರು ವರ್ಷ! ಅಷ್ಟರೊಳಗೆ ಹಳೇ ಗಿರಾಕಿ ಎರಡು ಬೇರೆ ಕಾರು ಕೊಂಡು ಆ ಷೋರೂಮಿನ ದಾರಿಯನ್ನೇ ಮರೆತಿರುತ್ತಾನೆ.

ಮುಂದೆಯೂ ಹಾಗೇ ಆಯಿತು. 2018ರಲ್ಲಿ ಐ-ಪೇಸ್ ಎಂಬ ವಿದ್ಯುತ್ ಕಾರನ್ನು ಆಡಿ ಮತ್ತು ಮರ್ಸಿಡಿಸ್‌ಗಿಂತ ಮೊದಲೇ ರಸ್ತೆಗಿಳಿಸಿದರು. 2019ರ ವರ್ಲ್ಡ್ ಕಾರ್ ಆಫ್ ದಿ ಇಯರ್ ಪ್ರಶಸ್ತಿಯೂ ಬಂತು. ಆ ಮುನ್ನಡೆಯನ್ನು ಹಿಡಿದುಕೊಳ್ಳಲು ಎರಡನೆಯ ಕಾರು ಬೇಕಿತ್ತು. ತಯಾರಾಗುತ್ತಿದ್ದ ದೊಡ್ಡ ಸೆಡಾನ್ ಎಕ್ಸ್‌ಜೆಯ ವಿದ್ಯುತ್ ಮಾದರಿಯನ್ನು 2021ರಲ್ಲಿ ಕೈಬಿಟ್ಟರು. ಇನ್ನು ಮುಂದೆ ಬರೀ ವಿದ್ಯುತ್ ಕಾರು ಎಂದು ಅದೇ ವರ್ಷ ಘೋಷಿಸಿ, 2024ರಲ್ಲಿ ಎಕ್ಸ್‌ಇ, ಎಕ್ಸ್‌ಎಫ್, ಎಫ್-ಟೈಪ್ ಮೂರನ್ನೂ ನಿಲ್ಲಿಸಿದರು. ಹಳೆಯದು ನಿಂತು ಹೊಸದು ಬರುವ ನಡುವೆ ಮತ್ತೆ ಖಾಲಿ ಜಾಗ. ಬರಲಿರುವ ಕಾರು ಚೆನ್ನಾಗಿರಲಿ ಎಂದು ಮನಸಾರೆ ಹಾರೈಸುತ್ತೇನೆ.

ಈಗ ಫೋನ್ ಮಾಡುವ ಹುಡುಗನ ಪ್ರಶ್ನೆಗೆ ಬರೋಣ. ಹಾಗಾದರೆ ಹಳೆಯ ಜಾಗ್ವಾರ್ ಕೊಳ್ಳಲೇಬಾರದಾ? ನಾನು ಹಾಗೆ ಹೇಳಲಾರೆ. ಒಂದೊಂದು ಗಾಡಿಯ ಆರೋಗ್ಯ ಒಂದೊಂದು ಥರ. ಎಂಜಿನ್ ಕಡೆಯ ಎಷ್ಟೋ ಸಾಮಾನು ಲ್ಯಾಂಡ್ ರೋವರ್ ಜೊತೆ ಹಂಚಿಕೆಯಾಗಿರುವುದರಿಂದ ಅಲ್ಲಿ ಅಷ್ಟು ಭಯವಿಲ್ಲ. ತೊಂದರೆ ಇರುವುದು ಬೇರೆ ಯಾವ ಕಾರಿಗೂ ಹೊಂದದ ಭಾಗಗಳಲ್ಲಿ: ಹೆಡ್‌ಲೈಟ್, ಬಂಪರ್, ಡ್ಯಾಶ್‌ಬೋರ್ಡಿನ ಸ್ವಿಚ್ಚು, ಬಾಗಿಲಿನ ಒಳಗಿನ ಪಟ್ಟಿ. ಎಂಜಿನ್ ಸದ್ದಿಗೆ ಕಿವಿಕೊಟ್ಟು "ಸೂಪರ್ ಆಗಿದೆ" ಅನ್ನುವವರು ಹೆಡ್‌ಲೈಟಿನೊಳಗೆ ಹನಿಗಟ್ಟಿರುವ ನೀರನ್ನು ನೋಡುವುದೇ ಇಲ್ಲ. ನಾನು ಮೊದಲು ನೋಡುವುದು ಅದನ್ನು.

ನನ್ನ ತಂಗಿಯ ಮಗ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದಾನೆ. ಅವನು ಓಡಿಸುವುದು ಹಳೆಯ ಸಾಬ್. ಸೀಟುಗಳ ನಡುವೆ ಕೀಲಿ ಹಾಕುವ, ಟರ್ಬೊವನ್ನು ಮನೆಮಂದಿಯ ಕಾರಿಗೆ ತಂದ ಆ ಸಾಬ್ ಕಂಪನಿ ಅಮೆರಿಕದ ಜನರಲ್ ಮೋಟಾರ್ಸ್ ಕೈಯಲ್ಲಿ ಸೊರಗಿ, ಡಚ್ಚರ ಸ್ಪೈಕರ್ ಕೈಗೆ ಹೋಗಿ, 2011ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಕಂಪನಿಯೇ ಇಲ್ಲದ ಕಾರನ್ನು ಹೇಗಪ್ಪ ಸಾಕುತ್ತೀ ಅಂತ ಗಾಬರಿಯಿಂದ ಕೇಳಿದ್ದೆ. "ಸ್ಪೇರ್ ಸಿಗುತ್ತೆ ಮಾವ" ಅಂದ. ಬಿಡಿಭಾಗಗಳ ವಿಭಾಗ ದಿವಾಳಿಯಲ್ಲಿ ಮುಳುಗಲಿಲ್ಲ. ಅದು ಸ್ವೀಡನ್ ಸರ್ಕಾರದ ಕೈಗೆ ಬಂದು, 2013ರಿಂದ ಓರಿಯೊ ಎಂಬ ಹೆಸರಿನಲ್ಲಿ ವ್ಯಾಪಾರ ಮುಂದುವರಿಸಿತು. ಕಾರ್ಖಾನೆ ಮುಚ್ಚಿದರೂ ಸ್ಪೇರಿನ ಅಂಗಡಿ ತೆರೆದಿತ್ತು, ಹಾಗಾಗಿ ಅವನ ಗಾಡಿ ಹಿಮದಲ್ಲೂ ಓಡುತ್ತಿದೆ. ಬದುಕಿರುವ ಬ್ರ್ಯಾಂಡಿನ ಎಷ್ಟೋ ಗಾಡಿಗಳು ನನ್ನ ಶೆಡ್ಡಿನಲ್ಲಿ ಒಂದು ಪ್ಲಾಸ್ಟಿಕ್ ಪೈಪಿಗಾಗಿ ವಾರಗಟ್ಟಲೆ ಕಾದಿವೆ.

ಇದೇ ಮಾತಿಗೆ ಇನ್ನೊಂದು ಮುಖವಿದೆ: ಮಾರಿದ ಮೇಲೆ ಕಂಪನಿ ಗಾಡಿಯನ್ನು ಹೇಗೆ ನೋಡಿಕೊಳ್ಳುತ್ತದೆ ಎಂಬುದು. 1989ರಲ್ಲಿ ಅಮೆರಿಕದಲ್ಲಿ ಎರಡು ಜಪಾನಿ ಐಷಾರಾಮಿ ಬ್ರ್ಯಾಂಡುಗಳು ಶುರುವಾದವು, ಟೊಯೊಟಾದ ಲೆಕ್ಸಸ್, ನಿಸಾನ್‌ನ ಇನ್ಫಿನಿಟಿ. ಕೆಲವೇ ತಿಂಗಳಲ್ಲಿ ಲೆಕ್ಸಸ್ ಸುಮಾರು ಎಂಟು ಸಾವಿರ ಕಾರುಗಳನ್ನು ದುರಸ್ತಿಗೆ ಹಿಂದೆ ಕರೆಯಬೇಕಾಯಿತು. ಗಿರಾಕಿಗಳ ಮನೆಗೇ ಹೋಗಿ ಗಾಡಿ ತಂದು, ಸರಿಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ಕೊಟ್ಟರು. ಅವಮಾನವಾಗಬೇಕಿದ್ದ ಕೆಲಸ ಹೆಸರು ತಂದಿತು. 2020ರಲ್ಲಿ ಲೆಕ್ಸಸ್ಸಿನ ಇಎಸ್ ಸೆಡಾನ್ ನಮ್ಮ ಬಿಡದಿಯಲ್ಲೇ ಜೋಡಣೆಯಾಗಲು ಶುರುವಾಯಿತು. ಇನ್ಫಿನಿಟಿ ಅದೇ ವರ್ಷ ಪಶ್ಚಿಮ ಯುರೋಪನ್ನೇ ಬಿಟ್ಟು ಹೋಯಿತು.

ಸಕಲೇಶಪುರದ ಕಡೆಯ ಒಬ್ಬ ಹಿರಿಯ ಕಾಫಿ ಬೆಳೆಗಾರರ ವಿಷಯ ಹೇಳದೆ ಇರಲಾರೆ. ಯಾವ ಕಾರು ಅಂತ ಹೇಳುವುದಿಲ್ಲ, ಯುರೋಪಿನ ಒಂದು ದೊಡ್ಡ ಡೀಸೆಲ್ ಸೆಡಾನ್. ದೆಹಲಿಯಿಂದ ಬಂದ ಗಾಡಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಅಲ್ಲಿ ನಿರ್ಬಂಧ ಹೇರಿದ ಮೇಲೆ ಇಂಥ ಗಾಡಿಗಳು ದಕ್ಷಿಣಕ್ಕೆ ಧಾರಾಳವಾಗಿ ಬಂದಿವೆ. ನನ್ನನ್ನು ಕೇಳದೆ ಕೊಂಡಿದ್ದರು. ನೋಂದಣಿಗೆ ಹೋದಾಗ ಮೊದಲ ಪೆಟ್ಟು ಬಿತ್ತು: ಇಲ್ಲಿ ಜೀವಾವಧಿ ತೆರಿಗೆ ಲೆಕ್ಕಹಾಕುವುದು ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ, ನೀವು ಕೊಟ್ಟ ದುಡ್ಡಿನ ಮೇಲಲ್ಲ. (ನಿಮ್ಮ ಗಾಡಿಗೆ ಎಷ್ಟಾಗುತ್ತದೆ ಎಂದು ಆರ್‌ಟಿಒದಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.) ಎರಡನೆಯದು ಏರ್ ಸಸ್ಪೆನ್ಷನ್, ಅಂದರೆ ಗಾಡಿಯ ಭಾರವನ್ನು ಗಾಳಿ ತುಂಬಿದ ಸ್ಪ್ರಿಂಗುಗಳ ಮೇಲೆ ಹೊರುವ ವ್ಯವಸ್ಥೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಮುಂದಿನ ಎಡಗಾಲು ಮಡಿಚಿ ಕೂತ ಎತ್ತಿನ ಹಾಗೆ ಇರುತ್ತಿತ್ತು. ಒಂದು ಏರ್ ಸ್ಪ್ರಿಂಗ್ ಸೋರುತ್ತಿತ್ತು, ಅದನ್ನು ಹಾಗೇ ಬಿಟ್ಟು ಘಾಟಿ ಹತ್ತಿಸಿ ಇಳಿಸಿದ್ದರಿಂದ ಗಾಳಿ ತುಂಬುವ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಯಿತು. ಸಾಮಾನು ಬರಲು ಏಳು ವಾರ ಹಿಡಿಯಿತು. ಬಿಲ್ಲು ನೋಡಿ ಅವರು ಜಗಳ ಆಡಲಿಲ್ಲ, ಬೆಂಚಿನ ಮೇಲೆ ಕೂತು ಕಾಫಿ ಕುಡಿದರು. "ಚಿಕ್ಕವನಿದ್ದಾಗ ದೊರೆಗಳ ತೋಟದಲ್ಲಿ ಇದೇ ಕಂಪನಿ ಕಾರು ನೋಡಿದ್ದೆ ಕಣಪ್ಪಾ. ಮುಟ್ಟೋಕೆ ಬಿಟ್ಟಿರಲಿಲ್ಲ" ಅಂದರು. ಆ ಮಾತಿನ ಮುಂದೆ ನನ್ನ ಬುದ್ಧಿವಾದವನ್ನೆಲ್ಲ ನುಂಗಿಕೊಂಡೆ. ಗಾಡಿ ಈಗಲೂ ಅವರ ಹತ್ತಿರವೇ ಇದೆ. ಆರು ತಿಂಗಳಿಗೊಮ್ಮೆ ತಂದು ಬಿಡುತ್ತಾರೆ, ಬರುವಾಗ ಒಂದು ಚೀಲ ಕಾಳುಮೆಣಸು ಇರುತ್ತದೆ.

ಅವರಿಗೆ ಆ ಖರ್ಚು ತಡೆಯುವ ಶಕ್ತಿಯಿತ್ತು. ಹನ್ನೆರಡು ಲಕ್ಷಕ್ಕೆ ಎಂಟು ಲಕ್ಷ ಸಾಲ ಮಾಡುವ ಇಪ್ಪತ್ತೇಳರ ಹುಡುಗನಿಗೆ ಇರುವುದಿಲ್ಲ, ನನ್ನ ಸಿಟ್ಟೆಲ್ಲ ಅವನ ಸಲುವಾಗಿ. ನಾನು ನನ್ನ ಗಿರಾಕಿಗಳಿಗೆ ಹೇಳುವ ಲೆಕ್ಕ ಒರಟಾದದ್ದು, ಎಲ್ಲ ಗಾಡಿಗೂ ಒಪ್ಪುತ್ತದೆ ಎನ್ನಲಾರೆ: ಕೊಳ್ಳುವ ಬೆಲೆಯ ಮೂರನೆಯ ಒಂದು ಭಾಗ ಮೊದಲ ವರ್ಷದ ರಿಪೇರಿಗೆಂದು ಬ್ಯಾಂಕಿನಲ್ಲಿ ಬೇರೆಯೇ ಇರಬೇಕು. ಇಲ್ಲದಿದ್ದರೆ ಗಾಡಿ ನೋಡಲು ನಾನು ಬರುವುದೇ ಬೇಡ.

ಫೋನ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಮಾರುವವರಿಂದ ಚಾಸಿ ನಂಬರ್ ಇಸಿದುಕೊಂಡು ಸ್ಪೇರ್ ಕೌಂಟರಿಗೆ ಹೋಗಿ. ಒಂದು ಹೆಡ್‌ಲೈಟ್, ಮುಂದಿನ ಎರಡು ಲೋವರ್ ಆರ್ಮ್, ಒಂದು ವಾಟರ್ ಪಂಪ್, ಏರ್ ಸಸ್ಪೆನ್ಷನ್ ಇದ್ದರೆ ಒಂದು ಸ್ಪ್ರಿಂಗ್. ಇಷ್ಟರ ಬೆಲೆ ಮತ್ತು ಬರಲು ಎಷ್ಟು ದಿನ ಎಂಬುದನ್ನು ಬರೆಸಿಕೊಂಡು ಬನ್ನಿ. ಆ ಚೀಟಿ ಕೈಯಲ್ಲಿ ಹಿಡಿದ ಮೇಲೂ ಗಾಡಿ ಬೇಕು ಅನ್ನಿಸಿದರೆ ಶನಿವಾರ ಬೆಳಗ್ಗೆ ಏಳಕ್ಕೆ ಬರುತ್ತೇನೆ. ಎಂಜಿನ್ ತಣ್ಣಗಿರಲಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಡಿ.