20, 80, 120, -51: ಇದರಲ್ಲಿ ನಿಜವಾದ ಪ್ರಯಾರಿಟಿ ಯಾವುದು?

ಪ್ರಶ್ನೆ: ಸರ್, ಲಿನಕ್ಸ್‌ನಲ್ಲಿ ಸಾದಾ ಪ್ರೋಗ್ರಾಂನ ಪ್ರಯಾರಿಟಿ (ಸಿಪಿಯು ಸಿಗುವ ಆದ್ಯತೆ) ನೋಡಿದರೆ ‘ಟಾಪ್’ ಕಮಾಂಡ್ 20 ತೋರಿಸುತ್ತದೆ, ‘ಪಿಎಸ್ -ಎಲ್’ 80 ಅನ್ನುತ್ತದೆ, ಕರ್ನಲ್ (ಲಿನಕ್ಸ್‌ನ ತಿರುಳು) ಕೋಡ್‌ನಲ್ಲಿ 120 ಇದೆ. ರಿಯಲ್‌ಟೈಮ್ (ತಡವಾಗಬಾರದ ಕೆಲಸಗಳ ವರ್ಗ) 50 ಕೊಟ್ಟರೆ ಟಾಪ್‌ನಲ್ಲಿ -51! ಯಾವುದನ್ನು ನಂಬಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ರಾಯಚೂರು

ಉತ್ತರ: ಎಲ್ಲವೂ ಸರಿ. ಕರ್ನಲ್ ಒಳಗಿನ ಅಳತೆ 0ಯಿಂದ 139. ಅಂಕಿ ಸಣ್ಣದಾದಷ್ಟೂ ಆದ್ಯತೆ ಹೆಚ್ಚು. 99ರವರೆಗೆ ರಿಯಲ್‌ಟೈಮ್, 100ರಿಂದ ಸಾದಾ. ನೈಸ್ ಬೆಲೆಗೆ (ಬೇರೆಯವರಿಗೆ ಎಷ್ಟು ಬಿಟ್ಟುಕೊಡಬೇಕು ಎಂದು ಸಾದಾ ಪ್ರೋಗ್ರಾಂಗೆ ಕೊಡುವ ಅಂಕಿ) 120 ಕೂಡಿಸಿದರೆ ಸಾದಾ ಟಾಸ್ಕಿನ (ಓಡುತ್ತಿರುವ ಪ್ರೋಗ್ರಾಂನ) ಸ್ಥಾನ. ಟಾಪ್ ಅದರಿಂದ 100 ಕಳೆಯುತ್ತದೆ, ಪಿಎಸ್ -ಎಲ್ 40 ಕಳೆಯುತ್ತದೆ.

ರಿಯಲ್‌ಟೈಮ್‌ನಲ್ಲಿ ನೀವು ಕೊಡುವ 1–99 ಸಿಇಟಿ ಅಂಕದಂತೆ, ಹೆಚ್ಚಿದ್ದಷ್ಟೂ ಮೇಲು. ಕರ್ನಲ್ ಅದನ್ನು ರ‍್ಯಾಂಕ್ ಮಾಡಿಕೊಳ್ಳುತ್ತದೆ: 99ರಲ್ಲಿ 50 ಕಳೆದರೆ 49. ಟಾಪ್ ಮತ್ತೆ 100 ಕಳೆದಾಗ -51.

ನಿಜವಾದ ತಲೆನೋವು ಟಾಸ್ಕ್ ಸ್ಟ್ರಕ್ಟಿನ (ಪ್ರತಿ ಟಾಸ್ಕಿನ ಬಗ್ಗೆ ಕರ್ನಲ್ ಇಟ್ಟುಕೊಳ್ಳುವ ದಾಖಲೆಯ) ನಾಲ್ಕು ಹೆಸರುಗಳದು. ‘ಆರ್‌ಟಿ ಪ್ರಯಾರಿಟಿ’ ನೀವು ಕೊಟ್ಟ 50. ‘ಸ್ಟ್ಯಾಟಿಕ್ ಪ್ರಯೊ’ ಬರೀ ನೈಸ್‌ನ ನೆರಳು. ಟಾಸ್ಕ್ ರಿಯಲ್‌ಟೈಮ್ ಆದರೂ 120 ಅಂತಲೇ ಕೂತಿರುತ್ತದೆ, ಡೀಬಗ್ ಮಾಡುವವರು ಎಡವುವುದು ಇಲ್ಲೇ. ‘ನಾರ್ಮಲ್ ಪ್ರಯೊ’ ಪಾಲಿಸಿಯನ್ನೂ (ಟಾಸ್ಕ್ ಸಾದಾನೋ ರಿಯಲ್‌ಟೈಮೋ ಎಂಬುದನ್ನೂ) ಲೆಕ್ಕಕ್ಕೆ ಹಿಡಿದ ಸ್ಥಾನ. ಶೆಡ್ಯೂಲರ್ (ಸಿಪಿಯು ಯಾರಿಗೆ ಎಂದು ತೀರ್ಮಾನಿಸುವ ಭಾಗ) ಈ ಗಳಿಗೆಗೆ ನೋಡುವುದು ಬರೀ ‘ಪ್ರಯೊ’.

ಕೊನೆಯ ಎರಡು ಬೇರೆಯಾಗುವುದು ಲಾಕಿನಿಂದ. ನೈಸ್ 0 ಟಾಸ್ಕ್ ಒಂದು ಆರ್‌ಟಿ-ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಲ್ಲ ಲಾಕ್) ಹಿಡಿದಿದೆ, ರಿಯಲ್‌ಟೈಮ್ 50ರದು ಅದಕ್ಕೇ ಕಾಯುತ್ತಿದೆ ಎನ್ನಿ. ಹಿಡಿದವನ ಪ್ರಯೊ ತಾತ್ಕಾಲಿಕವಾಗಿ 49ಕ್ಕೆ ಏರುತ್ತದೆ, ನಾರ್ಮಲ್ ಪ್ರಯೊ 120ರಲ್ಲೇ ಉಳಿಯುತ್ತದೆ. ಲಾಕ್ ಬಿಟ್ಟ ಕೂಡಲೇ ಮೊದಲಿನಂತೆ. ಯಾರೂ ಮುಟ್ಟದ ಪ್ರೋಗ್ರಾಂ ಟಾಪ್‌ನಲ್ಲಿ ಕ್ಷಣಕಾಲ -51 ಆಗಿ ಕಂಡರೆ ಗಾಬರಿ ಬೇಡ.

ಸಾದಾ ಟಾಸ್ಕುಗಳ ನಡುವೆ ಸಿಪಿಯು ಹಂಚುವುದು ತೂಕದ ಮೇಲೆ: ನೈಸ್ 0ಕ್ಕೆ 1024, ನೈಸ್ 5ಕ್ಕೆ 335. ಅಂದರೆ ಒಂದೇ ಕೋರ್‌ನಲ್ಲಿ ಸುಮಾರು 75:25. ಮನೆಯಲ್ಲೇ ನೋಡುವುದಾದರೆ ‘ಟಾಸ್ಕ್‌ಸೆಟ್ -ಸಿ 0’ ಹಾಕಿ ನೈಸ್ 0, ನೈಸ್ 5ರ ಎರಡೂ ಪ್ರೋಗ್ರಾಂಗಳನ್ನು ಒಂದೇ ಕೋರಿಗೆ ಕಟ್ಟಿ. ಇಲ್ಲದಿದ್ದರೆ ಎರಡಕ್ಕೂ 100% ಸಿಕ್ಕು ನೈಸ್ ಕೆಲಸವೇ ಮಾಡುತ್ತಿಲ್ಲ ಅನ್ನಿಸುತ್ತದೆ. ಎರಡನ್ನೂ ಒಂದೇ ಟರ್ಮಿನಲ್‌ನಿಂದ ಶುರು ಮಾಡಿ. ಆಟೊಗ್ರೂಪ್ (ಟಾಸ್ಕುಗಳನ್ನು ತಾನಾಗಿ ಗುಂಪು ಮಾಡುವ ಸೌಲಭ್ಯ) ಚಾಲೂ ಇದ್ದರೆ ಬೇರೆ ಬೇರೆ ಟರ್ಮಿನಲ್‌ಗಳು ಬೇರೆ ಗುಂಪಾಗುತ್ತವೆ, ಆಗ ನೈಸ್ ಎಷ್ಟೇ ಕೊಟ್ಟರೂ ಪಾಲು 50:50.