ಧೂಳಿಗೊಂದು ಬೇರೆ ಬೀರು

ತೋರಣಗಲ್ಲಿನಿಂದ ಬಳ್ಳಾರಿಗೆ ಬರುವ ದಾರಿಯಲ್ಲಿ ಒಂದು ಕಾರ್ಖಾನೆ ಇದೆ. ಹೆಸರು ಬೇಡ. ಒಳಗೆ ಕಾಲಿಟ್ಟ ಕೂಡಲೇ ಗೋಡೆ ಮೇಲೆ ಮೂರು ಸರ್ಟಿಫಿಕೇಟ್ ಕಾಣುತ್ತವೆ: ಗುಣಮಟ್ಟದ್ದು, ಪರಿಸರದ್ದು, ಸುರಕ್ಷತೆಯದ್ದು. ಮೂರಕ್ಕೂ ಗಾಜಿನ ಚೌಕಟ್ಟು. ಮೂರರ ಮೇಲೂ ತೆಳ್ಳಗೆ ಕೆಂಧೂಳು. ಕೆಲವು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದಾಗ, ಧೂಳು ಹಿಡಿಯುವ ಬ್ಯಾಗ್ ಫಿಲ್ಟರಿನ ಚೀಲಗಳನ್ನು ಕೊನೆಯ ಸಲ ಯಾವಾಗ ಬದಲಿಸಿದಿರಿ ಅಂತ ಶಿಫ್ಟ್ ಇಂಚಾರ್ಜ್ ಅವರನ್ನು ಕೇಳಿದೆ.

“ಅದು ಪರಿಸರದ ಫೈಲಿನಾಗ ಐತ್ರಿ ಸರ. ಆ ಬೀರು ಬ್ಯಾರೆ. ಕೀಲಿ ಅವರ ಹತ್ರ ಐತಿ, ಅವರು ಇವತ್ತು ರಜಾ ಅದಾರ.”

ಅವರು ಜಾರಿಕೊಳ್ಳುತ್ತಿರಲಿಲ್ಲ. ಮೋಟಾರು, ಬೇರಿಂಗು, ಬೆಲ್ಟು ಯಾವತ್ತು ಬದಲಾದವು ಅನ್ನೋದು ಅವರ ಮೇಜಿನ ರಿಜಿಸ್ಟರಿನಲ್ಲೇ ಇತ್ತು. ಧೂಳು ಹಿಡಿಯುವ ಯಂತ್ರಕ್ಕೆ ಮಾತ್ರ ಆ ರಿಜಿಸ್ಟರಿನಲ್ಲಿ ಜಾಗ ಇರಲಿಲ್ಲ. ಅದು ಯಂತ್ರ ಅಲ್ಲ, ‘ಪರಿಸರ’. ಈ ಬೀರು ಬೇರೆಯಾದ ಕಥೆಗೆ ಐವತ್ತು ವರ್ಷ ದಾಟಿದೆ.

ಮೂರೂ ವಿಷಯ ಕಾರ್ಖಾನೆಗೆ ಬಂದಿದ್ದು ಮೂರು ಬಾಗಿಲಿಂದ. ಸುರಕ್ಷತೆ 1948ರ ಕಾರ್ಖಾನೆ ಕಾಯ್ದೆಯ ಜೊತೆ ಬಂತು. ಪರಿಸರ ಸರ್ಕಾರದ ಪತ್ರವಾಗಿ ಬಂತು. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು, ಇಂದಿರಾ ಗಾಂಧಿ ಹೋಗಿ ಮಾತಾಡಿ ಬಂದರು. 1974ರಲ್ಲಿ ಜಲ ಕಾಯ್ದೆ, ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ. 1981ರಲ್ಲಿ ವಾಯು ಕಾಯ್ದೆ. 1984ರ ಡಿಸೆಂಬರಿನಲ್ಲಿ ಭೋಪಾಲ್ ದುರಂತವಾಯಿತು, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅರ್ಜಿ, ಶುಲ್ಕ, ಅನುಮತಿ ಒಂದರ ಹಿಂದೊಂದು. ಜಲ, ವಾಯು ಕಾಯ್ದೆಗಳಡಿ ಮಂಡಳಿ ಕೊಡುವ ಒಪ್ಪಿಗೆಗೆ ‘ಕನ್ಸೆಂಟ್’ ಅಂತ ಹೆಸರು. ಈ ಕಾಗದ ಪತ್ರ ಯಾರ ಕೈಗೆ ಹೋಯಿತು? ಸರ್ಕಾರಿ ಕಚೇರಿಗೆ ಓಡಾಡಿ ಗೊತ್ತಿದ್ದವರ ಕೈಗೆ. ಕುಲುಮೆ ಮುಂದೆ ನಿಂತವರಿಗೆ ಅದರ ಸುದ್ದಿಯೇ ಇರಲಿಲ್ಲ.

ಗುಣಮಟ್ಟ ಬಂದಿದ್ದು ಗಿರಾಕಿ ಕಡೆಯಿಂದ. ಬ್ರಿಟನ್ 1979ರಲ್ಲಿ ಬಿಎಸ್ 5750 ಅನ್ನೋ ಮಾನದಂಡ ತಂದಿತು. ಅದರ ಜಾಡಿನಲ್ಲೇ 1987ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಐಎಸ್‌ಒದಿಂದ ಐಎಸ್‌ಒ 9000 ಬಂತು. ಹೊರದೇಶದ ಗಿರಾಕಿ ಮೊದಲು ಕೇಳುತ್ತಿದ್ದುದೇ ಆ ಸರ್ಟಿಫಿಕೇಟು. ಒಂದು ಬಾಗಿಲಿಂದ ಆರ್ಡರ್ ಬರುತ್ತೆ, ಇನ್ನೊಂದರಿಂದ ನೋಟಿಸ್ ಬರುತ್ತೆ. ಮಾಲೀಕರ ಪಕ್ಕದ ಕುರ್ಚಿ ಯಾರಿಗೆ ಸಿಗುತ್ತೆ ಅಂತ ಬೇರೆ ಹೇಳಬೇಕಾ?

ಇವನ್ನು ಬೆಸೆಯುವ ಮೊದಲ ಒಳ್ಳೇ ಅವಕಾಶ ನಮ್ಮ ದೇಶದಲ್ಲಿ 1992ರಲ್ಲೇ ಬಂದಿತ್ತು. ಬ್ರಿಟನ್ನಿನಲ್ಲಿ ಪರಿಸರ ನಿರ್ವಹಣೆಗೆ ಬಿಎಸ್ 7750 ಬಂದ ವರ್ಷ ಅದು. ರಿಯೊ ಶೃಂಗಸಭೆಯೂ ಆಗಲೇ. ಇಲ್ಲಿ ಕೇಂದ್ರ ಸರ್ಕಾರ, ಕನ್ಸೆಂಟ್ ಬೇಕಾದ ಕಾರ್ಖಾನೆಗಳು ವರ್ಷಕ್ಕೊಮ್ಮೆ ಪರಿಸರದ ಲೆಕ್ಕ ಒಪ್ಪಿಸಬೇಕು ಅಂದಿತು. ಅದೇ ಫಾರ್ಮ್ 5. ಈಗಲೂ ಸೆಪ್ಟೆಂಬರ್ 30ರೊಳಗೆ ಕೊಡಬೇಕು. ಅದರಲ್ಲಿ ಕೇಳುವ ಪ್ರಶ್ನೆಗಳು ನಿಜಕ್ಕೂ ಚೆನ್ನಾಗಿವೆ. ಒಂದು ಟನ್ ಮಾಲಿಗೆ ಎಷ್ಟು ನೀರು ಖರ್ಚಾಯಿತು? ಎಷ್ಟು ಕಚ್ಚಾ ಮಾಲು ಹೋಯಿತು? ಹೋದ ವರ್ಷಕ್ಕಿಂತ ಜಾಸ್ತಿಯೋ ಕಮ್ಮಿಯೋ? ಮಾಲಿನ್ಯ ತಡೆಯಲು ಮಾಡಿದ ಕೆಲಸದಿಂದ ಉತ್ಪಾದನಾ ವೆಚ್ಚ ಏನಾಯಿತು? ಇದಕ್ಕೆ ಪರಿಸರದ ಬೀರುವಿನಲ್ಲಿ ಉತ್ತರ ಇಲ್ಲ. ಉತ್ತರ ಇರೋದು ಸ್ಟೋರಿನಲ್ಲಿ, ಅಕೌಂಟ್ಸಿನಲ್ಲಿ, ಪಂಪ್‌ಹೌಸ್ ಲಾಗ್‌ಬುಕ್ಕಿನಲ್ಲಿ. ನಾಲ್ಕು ಮಂದಿ ಒಟ್ಟಿಗೆ ಕೂತರೆ ಮಾತ್ರ ತುಂಬಬಹುದಾದ ಫಾರ್ಮನ್ನು ಎಷ್ಟೋ ಕಡೆ ಒಬ್ಬರೇ ಕೂತು, ಹೋದ ವರ್ಷದ ಪ್ರತಿ ಮುಂದಿಟ್ಟುಕೊಂಡು ತುಂಬಿದರು.

1996ರಲ್ಲಿ ಪರಿಸರ ನಿರ್ವಹಣೆಗೆ ಐಎಸ್‌ಒ 14001 ಬಂತು. ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಇಷ್ಟೇ ಹೊಗೆ ಬಿಡಬೇಕು ಅಂತ ಈ ಮಾನದಂಡ ಎಲ್ಲೂ ಹೇಳುವುದಿಲ್ಲ, ಮಿತಿ ಹಾಕುವುದು ಕಾನೂನಿನ ಕೆಲಸ. ನಿಮ್ಮ ಕೆಲಸದಿಂದ ಏನೇನು ಕೆಡುತ್ತೆ ಅಂತ ಪಟ್ಟಿ ಮಾಡಿ, ಯಾವುದು ದೊಡ್ಡದು ಅಂತ ಗುರುತಿಸಿ, ಗುರಿ ಇಟ್ಟು, ಕೆಲಸ ಮಾಡಿ, ಅಳೆದು, ತಿದ್ದಿಕೊಳ್ಳಿ ಅನ್ನುತ್ತೆ ಇದು. ಗುಣಮಟ್ಟಕ್ಕೂ ಬೇಕಾದದ್ದು ಇದೇ ಚಕ್ರ. ಆದರೂ ಎರಡರ ಅಧ್ಯಾಯಗಳ ಕ್ರಮ ಬೇರೆ, ಪದ ಬೇರೆ. 1999ರಲ್ಲಿ ಸುರಕ್ಷತೆಗೆ ಒಹ್ಸಾಸ್ 18001 ಸೇರಿತು. ಸಲಹೆಗಾರರು ಮೂರಕ್ಕೆ ಮೂರು ಕೈಪಿಡಿ ಬರೆದುಕೊಟ್ಟರು. ಬಿಲ್ಲೂ ಮೂರು, ಅದು ಬೇರೆ ಮಾತು. ಮೂರು ಸಲ ಆಡಿಟ್, ಮೂರು ಸಲ ಮೀಟಿಂಗ್, ಮೂರು ಸಲ ಅದೇ ಬಿಸ್ಕತ್ತು.

ಈ ಗೋಜಲು ಬಿಡಿಸಲು ಹೊರಟಿದ್ದು 2012ರಲ್ಲಿ. ಇನ್ನು ಮುಂದೆ ಎಲ್ಲಾ ನಿರ್ವಹಣಾ ಮಾನದಂಡಕ್ಕೂ ಒಂದೇ ಹಂದರ, ಅವೇ 10 ಅಧ್ಯಾಯ ಅಂತ ಐಎಸ್‌ಒ ತೀರ್ಮಾನಿಸಿತು. 2015ರ ಸೆಪ್ಟೆಂಬರಿನಲ್ಲಿ ಗುಣಮಟ್ಟದ 9001 ಮತ್ತು ಪರಿಸರದ 14001 ಎರಡೂ ಆ ಹಂದರದಲ್ಲೇ ಹೊಸದಾಗಿ ಬಂದವು. 2018ರ ಮಾರ್ಚಿನಲ್ಲಿ ಸುರಕ್ಷತೆಯ 45001 ಬಂತು. ಈ ಹೊಸ ಹಂದರದಲ್ಲಿ ಜಾಸ್ತಿ ಜನ ಗಮನಿಸದ ಒಂದು ಬದಲಾವಣೆ ಇದೆ. ‘ಎಂಆರ್’ (ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್) ಅಂತ ಆಡಳಿತದ ಒಬ್ಬ ಪ್ರತಿನಿಧಿಯನ್ನು ನೇಮಿಸಲೇಬೇಕು ಅನ್ನೋ ಮಾತನ್ನು ತೆಗೆದುಹಾಕಿದರು. ಬೀರುವಿನ ಕೀಲಿ ಒಬ್ಬರ ಕೈಲಿ ಇರಬಾರದು, ಹೊಣೆ ಮೇಲಿನವರದ್ದು ಅನ್ನೋದು ಅದರ ಅರ್ಥ. ನಮ್ಮ ಕಡೆ ಎಂಆರ್ ಸಾಹೇಬರು ಇವತ್ತಿಗೂ ಎಂಆರ್ ಸಾಹೇಬರೇ.

ಇಷ್ಟು ಪುಸ್ತಕದ ಕಥೆ. ಬಳ್ಳಾರಿಯಲ್ಲಿ ಪರಿಸರವನ್ನು ಉತ್ಪಾದನೆಯ ಲೆಕ್ಕದೊಳಗೆ ನಿಜವಾಗಿ ತೂರಿಸಿದ್ದು ಐಎಸ್‌ಒ ಅಲ್ಲ, ಸುಪ್ರೀಂ ಕೋರ್ಟ್. ಸಮಾಜ ಪರಿವರ್ತನ ಸಮುದಾಯ ಅನ್ನೋ ಸ್ವಯಂಸೇವಾ ಸಂಸ್ಥೆ ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲಿ ಹಾಕಿದ ಅರ್ಜಿಯ ಮೇಲೆ, 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಂತಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ತಪ್ಪಿನ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಗಡಿ ಮೀರಿ ತೀರಾ ಒತ್ತುವರಿ ಮಾಡಿದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಈ ಎ, ಬಿ, ಸಿ ನಮ್ಮ ಕಡೆ ಎಲ್ಲರಿಗೂ ಗೊತ್ತು, ಸಂಡೂರಿನ ಚಹಾ ಅಂಗಡಿಯಲ್ಲೂ ಅದೇ ಮಾತಾಗಿತ್ತು.

ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಆಮೇಲೆ ಬಂದ ಸುಧಾರಣೆ ಮತ್ತು ಪುನರ್ವಸತಿ ಯೋಜನೆ, ಎಲ್ಲರ ಬಾಯಲ್ಲಿ ‘ಆರ್ ಅಂಡ್ ಆರ್ ಪ್ಲಾನ್’. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತಿನ ತಜ್ಞರು ಒಂದೊಂದು ಗುತ್ತಿಗೆಗೂ ಇಂಥ ಯೋಜನೆ ಮಾಡಿದರು. ಗಣಿ ವರ್ಷಕ್ಕೆ ಎಷ್ಟು ಅದಿರು ತೆಗೆಯಬಹುದು ಅನ್ನೋದನ್ನು ಮೂರು ಲೆಕ್ಕ ನೋಡಿ ಹೇಳಬೇಕಿತ್ತು. ನೆಲದಡಿ ಅದಿರು ಎಷ್ಟಿದೆ, ತೆಗೆದ ಮಣ್ಣನ್ನು ಸುರಿಯಲು ಜಾಗ ಎಷ್ಟಿದೆ, ಅದಿರು ಸಾಗಿಸಲು ರಸ್ತೆ-ರೈಲು ಎಷ್ಟು ತಾಳುತ್ತೆ. ಅಂದ್ರೆ ಡಂಪಿಗೆ ಜಾಗ ಇಲ್ಲದಿದ್ದರೆ ಗುಡ್ಡದಲ್ಲಿ ಎಷ್ಟೇ ಅದಿರಿದ್ದರೂ ಉತ್ಪಾದನೆ ಇಳಿಯುತ್ತೆ. ಜಿಲ್ಲೆಗೆ ಒಟ್ಟಾರೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಹಾಕಿದರು. 2017ರಲ್ಲಿ ಅದು 2.8 ಕೋಟಿ ಆಯಿತು, 2022ರಲ್ಲಿ 3.5 ಕೋಟಿ ಆಯಿತು. ಹೆಚ್ಚಿಸಿದ್ದು ಸರಿಯೇ ಅನ್ನೋ ಜಗಳ ಇದ್ದೇ ಇದೆ. ಆದರೆ ಗಣಿಯ ಮ್ಯಾನೇಜರು ಡಂಪಿನ ಇಳಿಜಾರು, ಮಳೆನೀರು ಕೊಚ್ಚದಂತೆ ಕಟ್ಟಿದ ತಡೆಗೋಡೆ, ಗಿಡ ನೆಟ್ಟ ಜಾಗ ಇವನ್ನೆಲ್ಲ ಟನ್ ಲೆಕ್ಕದ ಜೊತೆಗೇ ನೋಡಬೇಕಾದ ಸ್ಥಿತಿ ಬಂದಿದ್ದು ಆವಾಗಲೇ. ಮಣ್ಣಿನ ಗುಡ್ಡೆ ‘ಪರಿಸರದವರ’ ತಲೆನೋವಾಗಿ ಉಳಿಯಲಿಲ್ಲ.

ಇನ್ನೊಂದು ಉದಾಹರಣೆ ಒಂದು ತಂತಿಯದು. ಬಳ್ಳಾರಿ ಸುತ್ತ, ಕೊಪ್ಪಳದ ಗಿಣಿಗೇರಾ ಕಡೆ ಕಲ್ಲಿದ್ದಲು ಉರಿಸಿ ಅದಿರಿನಿಂದ ಸ್ಪಾಂಜ್ ಐರನ್ (ಉಕ್ಕು ತಯಾರಿಕೆಗೆ ಬೇಕಾದ ಕಬ್ಬಿಣ) ಮಾಡುವ ಘಟಕಗಳಿವೆ. ಇಲ್ಲಿ ಹೊಗೆಯೊಳಗಿನ ಧೂಳನ್ನು ಹೈ ವೋಲ್ಟೇಜ್ ವಿದ್ಯುತ್ತಿನಿಂದ ಎಳೆದು ಹಿಡಿಯುವ ಸಾಧನ ಇಎಸ್‌ಪಿ. ಅದನ್ನು ನಿಲ್ಲಿಸಿದರೆ ಕರೆಂಟ್ ಉಳಿಯುತ್ತೆ, ಮಾಲು ಬರುವುದಂತೂ ನಿಲ್ಲುವುದಿಲ್ಲ. ರಾತ್ರಿ ಹೊಗೆ ಜಾಸ್ತಿ ಬಿಡ್ತಾರೆ, ಬೆಳಿಗ್ಗೆ ಹತ್ತಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕರಿ ಕೂತಿರುತ್ತೆ ಅನ್ನೋದು ಸುತ್ತಲಿನ ಹಳ್ಳಿಯವರ ಹಳೇ ದೂರು. 2008ರ ಮೇ ತಿಂಗಳಲ್ಲಿ ಈ ಉದ್ಯಮಕ್ಕೇ ಅಂತ ಮಿತಿ ಬಂತು: ಕಲ್ಲಿದ್ದಲು ಬಳಸುವ ಘಟಕದ ಹೊಗೆಯಲ್ಲಿ ಘನ ಮೀಟರಿಗೆ 100 ಮಿಲಿಗ್ರಾಂ ಧೂಳು ಮೀರಬಾರದು. ಇಎಸ್‌ಪಿ ನಿಂತರೆ ಕಚ್ಚಾ ಮಾಲಿನ ಫೀಡೂ ತಾನಾಗಿ ನಿಲ್ಲುವ ಹಾಗೆ ಇಂಟರ್‌ಲಾಕ್ ಮಾಡಿ, ಅದರ ವಿದ್ಯುತ್ತಿಗೆ ಬೇರೆ ಮೀಟರ್ ಹಾಕಿ ಅನ್ನೋದು ಮಂಡಳಿಯ ಸೂಚನೆ.

ಆ ಇಂಟರ್‌ಲಾಕನ್ನು ಕಣ್ಣೆದುರು ತಂದುಕೊಳ್ಳಿ. ನೀತಿ, ಧ್ಯೇಯವಾಕ್ಯ ಏನೂ ಇಲ್ಲ. ಒಂದು ಕೇಬಲ್ಲು, ಒಂದು ರಿಲೇ. ಅದು ಸರಿಯಾಗಿದ್ದರೆ ಉತ್ಪಾದನೆಯವರೇ ಇಎಸ್‌ಪಿ ರಿಪೇರಿಗೆ ಮೊದಲು ಓಡುತ್ತಾರೆ, ಯಾಕಂದ್ರೆ ಅದು ನಿಂತರೆ ಅವರ ಟನ್ನೂ ನಿಂತಿತು. ಅದನ್ನು ಬೈಪಾಸ್ ಮಾಡಿದ್ದರೆ, ಗೋಡೆ ಮೇಲೆ ಎಷ್ಟು ಸರ್ಟಿಫಿಕೇಟ್ ಇದ್ದರೇನು?

ರಾಯಚೂರಿನ ಶಕ್ತಿನಗರದಲ್ಲಿ ಬೆಸುಗೆ ಆಗಿದ್ದು ಮಾರಾಟದ ಕಡೆಯಿಂದ. 1985ರಲ್ಲಿ ಶುರುವಾದ ಶಾಖೋತ್ಪನ್ನ ಕೇಂದ್ರ ಈಗ 1720 ಮೆಗಾವಾಟ್‌ನದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ಬೂದಿಯನ್ನು ನೀರಲ್ಲಿ ಕಲಸಿ ಹೊಂಡಕ್ಕೆ ಬಿಡುವುದು ಹಳೇ ರೂಢಿ. ಹಾರುಬೂದಿಯನ್ನು ಬಳಸಲೇಬೇಕು ಅಂತ 1999ರಲ್ಲಿ ಕೇಂದ್ರದ ಅಧಿಸೂಚನೆ ಬಂತು, ಆಮೇಲೆ ಬಿಗಿಯಾಗುತ್ತಾ ಹಲವು ಸಲ ತಿದ್ದುಪಡಿ ಕಂಡು, 2021ರಲ್ಲಿ ಅದರ ಜಾಗಕ್ಕೆ ಹೊಸ ಅಧಿಸೂಚನೆಯೇ ಬಂತು. ಒಣ ಬೂದಿ ಸಿಮೆಂಟಿಗೆ ಬೇಕು, ಇಟ್ಟಿಗೆಗೆ ಬೇಕು. ಕಸವಾಗಿದ್ದಾಗ ಅದನ್ನು ಯಾರೂ ಸರಿಯಾಗಿ ಅಳೆಯುತ್ತಿರಲಿಲ್ಲ. ಟ್ಯಾಂಕರಿಗೆ ತುಂಬಿ ಕಳಿಸುವ ಮಾಲಾದ ಮೇಲೆ ಅದಕ್ಕೂ ತೂಕದ ಚೀಟಿ ಬಂತು.

ಕಾರಟಗಿ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯವರಿಗೆ ಈ ಐಎಸ್‌ಒ ಪುರಾಣ ದೂರದ್ದು ಅನ್ನಿಸಬಹುದು. ಆದರೆ ಭತ್ತದ ಹೊಟ್ಟನ್ನು ಬಾಯ್ಲರಿಗೆ ಹಾಕಿ ಇಂಧನ ಉಳಿಸುವ ಲೆಕ್ಕ ಅವರಿಗೆ ಯಾವ ಕೈಪಿಡಿಯೂ ಕಲಿಸಿದ್ದಲ್ಲ. ಕುಸುಬಲಕ್ಕಿಗೆ ಭತ್ತ ನೆನೆಸಿದ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಮಾತ್ರ ಅವರಲ್ಲೂ ಕೆಲವರು ಮಾತು ಬದಲಿಸುತ್ತಾರೆ.

2024ರ ಫೆಬ್ರುವರಿಯಲ್ಲಿ ಐಎಸ್‌ಒ ಇನ್ನೊಂದು ಸಣ್ಣ ತಿದ್ದುಪಡಿ ತಂದಿತು. ಹವಾಮಾನ ಬದಲಾವಣೆ ನಿಮ್ಮ ಸಂಸ್ಥೆಗೆ ಸಂಬಂಧಪಟ್ಟ ವಿಷಯವೇ ಅಂತ ನಿರ್ಧರಿಸಿ ಅನ್ನೋ ಮಾತು ಪರಿಸರದ ಮಾನದಂಡಕ್ಕೂ ಸೇರಿತು, ಗುಣಮಟ್ಟದ್ದಕ್ಕೂ ಸೇರಿತು, ಸುರಕ್ಷತೆಯದ್ದಕ್ಕೂ ಸೇರಿತು. ಅಂದ್ರೆ ಈ ಸಲ ಒಂದೇ ಪ್ರಶ್ನೆ ಮೂರು ಬಾಗಿಲಿಂದಲೂ ಒಟ್ಟಿಗೆ ಬಂದಿದೆ. 2023ರ ಬರ ನೋಡಿದ, ತುಂಗಭದ್ರೆಯ ನೀರು ನಂಬಿದ ಊರಿನಲ್ಲಿ ಇದಕ್ಕೆ ಉತ್ತರ ಕೊಡಲು ಬೀರುವಿನ ಕೀಲಿ ಹುಡುಕಬೇಕಾಗಿಲ್ಲ. ಪಂಪ್‌ಹೌಸಿನವರನ್ನು ಕೇಳಿದರೂ ಹೇಳುತ್ತಾರೆ.